ಮನೆಗೆಲಸಕ್ಕೂ ಕಸ್ರ್ ಬೇಡವೇ?

ಪ್ರಯಾಣ ಹೊರಟವರ ಹೊರೆಯನ್ನು ಅಲ್ಲಾಹನು ಹಗುರಗೊಳಿಸಿದ್ದಾನೆ. ಝುಹರ್, ಅಸರ್ ಮತ್ತು ಇಶಾದ ನಾಲ್ಕು ರಕಅತ್‌ಗಳು ಪ್ರಯಾಣಿಕನಿಗೆ ಎರಡಾಗುತ್ತವೆ. ರಮಝಾನಿನಲ್ಲಿ ದಾರಿಯಲ್ಲಿರುವವರು ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡಬಹುದು. ಶತ್ರುವಿನ ಭಯ ಇಲ್ಲದ ಕಾಲದಲ್ಲೂ ಈ ಕಸ್ರ್ ಏಕೆ ಎಂದು ಹಝ್ರತ್ ಉಮರ್(ರ) ಕೇಳಿದಾಗ, ಅದು ಅಲ್ಲಾಹನು ನಿಮಗೆ ನೀಡಿದ ದಾನ, ಅದನ್ನು ಸ್ವೀಕರಿಸಿರಿ ಎಂಬ ಅರ್ಥದ ಉತ್ತರವನ್ನು ಪ್ರವಾದಿ(ಸ) ಕೊಟ್ಟರೆಂದು ಹದೀಸಿನಲ್ಲಿದೆ.

ಈಗ ಸಹೋದರಿಯರೇ, ನಿಮ್ಮ ಮನೆಯವರೆಲ್ಲ ಕೂಡಿ ಹೋದ ಕಡೆಯ ಪ್ರಯಾಣವನ್ನೊಮ್ಮೆ ನೆನಪು ಮಾಡಿಕೊಳ್ಳಿ. ಹೊರಡುವ ಹಿಂದಿನ ರಾತ್ರಿ ಹನ್ನೊಂದು ಗಂಟೆಯವರೆಗೆ ಚಪಾತಿ ಲಟ್ಟಿಸಿದವರು ಯಾರು? ಮಕ್ಕಳ ಬಟ್ಟೆ, ಗಂಡನ ಶೇವಿಂಗ್ ಸೆಟ್ಟು, ಅತ್ತೆಯ ಮಾತ್ರೆ, ಹಾಸಲು ಒಂದು ಜಮಖಾನ, ಎಲ್ಲವನ್ನೂ ಚೀಲಕ್ಕೆ ತುಂಬಿದವರು ಯಾರು? ತಲುಪಿದ ಊರಿನಲ್ಲಿ ಬಾಡಿಗೆ ಕೋಣೆಯ ಮೂಲೆಯಲ್ಲಿ ಸ್ಟೌವ್ ಹಚ್ಚಿ ಕುಳಿತವರು ಯಾರು? ಎಲ್ಲರೂ ಊರು ನೋಡಿ ಬಂದು ಮಲಗಿದ ಮೇಲೆ ಬಚ್ಚಲಿನಲ್ಲಿ ಬಟ್ಟೆ ಜಾಲಾಡಿಸಿದವರು ಯಾರು? ನಾಲ್ಕು ರಕಅತ್ ಎರಡಾಗುವ ಹಾದಿಯಲ್ಲಿ ಹೆಣ್ಣಿನ ಮನೆಗೆಲಸ ಮಾತ್ರ ಎರಡಿದ್ದದ್ದು ನಾಲ್ಕಾಗುತ್ತದೆ. ಈ ಲೆಕ್ಕವನ್ನು ಸ್ವಲ್ಪವಾದರೂ ತಿದ್ದಲು ನಮ್ಮ ಮನೆಯಲ್ಲಿ ನಡೆದ ಒಂದು ಪ್ರಯತ್ನವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನೆಪವಿಲ್ಲದೆ ಹೊರಡದ ಹೆಂಗಸರು

ನಾನು ಹಿರಿಯೂರು ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಯವರದು ಕೊಬ್ಬರಿ ವ್ಯಾಪಾರ. ಮಗಳು ಆಗ ಆರನೆಯ ತರಗತಿ, ಮಗ ಮೂರನೆಯದು. ಜೊತೆಗೆ ನನ್ನ ಅತ್ತೆ. ಎಪ್ಪತ್ತರ ಹತ್ತಿರದ ಜೀವ.

ಅತ್ತೆ ನೋಡಿದ ಊರುಗಳನ್ನು ನಾನೊಮ್ಮೆ ಕುಳಿತು ಎಣಿಸಿದ್ದೆ. ದಾವಣಗೆರೆ: ತಂಗಿಯ ಮದುವೆಗೆ. ತುಮಕೂರು: ಮಗಳ ಬಾಣಂತನಕ್ಕೆ. ಬೆಂಗಳೂರು: ಮಾವನವರನ್ನು ಆಸ್ಪತ್ರೆಗೆ ಸೇರಿಸಿದಾಗ. ಹೊಳಲ್ಕೆರೆ: ಮೂರು ಸಲ, ಮೂರೂ ಸಲ ಮಯ್ಯತ್ತಿಗೆ. ಒಂದು ಊರನ್ನು ನೋಡಬೇಕೆಂದೇ ಅವರು ಎಲ್ಲಿಗೂ ಹೋದವರಲ್ಲ. ನಿಮ್ಮ ಮನೆಯ ಹಿರಿಯ ಹೆಂಗಸರ ಪಟ್ಟಿಯೂ ಇದಕ್ಕಿಂತ ಬಹಳ ಬೇರೆಯಾಗಿರಲಿಕ್ಕಿಲ್ಲ. ಮದುವೆ, ಹೆರಿಗೆ, ಆಸ್ಪತ್ರೆ, ಸಾವು. ನಮ್ಮಲ್ಲಿ ಹೆಣ್ಣು ಹೊಸ್ತಿಲು ದಾಟಲು ಒಂದು ನೆಪ ಬೇಕು, ಆ ನೆಪದಲ್ಲೂ ಅವಳ ಪಾಲಿಗೆ ಅಡುಗೆಮನೆಯೇ ಬರುತ್ತದೆ.

2022ರ ಅಕ್ಟೋಬರ್ ರಜೆಯಲ್ಲಿ ನನಗೊಂದು ನೆಪ ಸಿಕ್ಕಿತು. ಮಂಗಳೂರಿನಲ್ಲಿ ವಿಜ್ಞಾನ ಶಿಕ್ಷಕರ ಎರಡು ದಿನಗಳ ಸಮ್ಮೇಳನ. ನಮ್ಮ ಶಾಲೆಯ ಮಕ್ಕಳು ತಮ್ಮ ತಮ್ಮ ಹಳ್ಳಿಯ ಕೊಳವೆಬಾವಿಗಳಿಂದ ನೀರು ತಂದು ಫ್ಲೋರೈಡ್ ಪರೀಕ್ಷಿಸಿದ್ದರು. ಅದರ ಬಗ್ಗೆ ಹದಿನೈದು ನಿಮಿಷ ಮಾತಾಡಲು ನನ್ನನ್ನು ಕರೆದಿದ್ದರು. ಒಬ್ಬಳೇ ಅಷ್ಟು ದೂರ ಹೋಗುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ. ಇವರು, "ಹೇಗೂ ನಾನು ಬರಲೇಬೇಕು, ಮಕ್ಕಳಿಗೂ ರಜೆ. ಅಮ್ಮಿಯನ್ನೂ ಕರೆದುಕೊಂಡು ಹೋಗೋಣ, ಸಮುದ್ರ ನೋಡಲಿ" ಎಂದರು.

ಸುದ್ದಿ ಹರಡಲು ಎಷ್ಟು ಹೊತ್ತು? ವಾರದೊಳಗೆ ಒಂದು ನಿಕಾಹ್‌ನಲ್ಲಿ ಸಂಬಂಧಿಕರೊಬ್ಬರು ಎಲ್ಲರೆದುರು ನಗುತ್ತಲೇ ಕೇಳಿದರು: "ಹೆಂಡತಿ ಮೀಟಿಂಗಿಗೆ ಹೋದರೆ ಗಂಡ ಮಕ್ಕಳನ್ನು ಕಾಯುತ್ತಾನಂತೆ, ಹೌದಾ?" ನಾನು ತಲೆ ತಗ್ಗಿಸಿದೆ. ಉತ್ತರ ಕೊಟ್ಟದ್ದು ಅತ್ತೆ. "ಅವನು ಕೊಬ್ಬರಿ ಮಾರಾಟಕ್ಕೆ ತಿಪಟೂರಿಗೆ ಹೋಗಿ ಎರಡು ದಿನ ಉಳಿಯುತ್ತಾನಲ್ಲ, ಆಗ ಮಕ್ಕಳನ್ನು ಕಾಯುವುದು ಇವಳೇ. ಇಷ್ಟು ವರ್ಷದಲ್ಲಿ ಅದನ್ನು ಯಾರೂ ಬಂದು ಕೇಳಲಿಲ್ಲ!"

ಪ್ರವಾದಿಯವರು(ಸ) ಮನೆಯೊಳಗೆ ಏನು ಮಾಡುತ್ತಿದ್ದರು ಎಂದು ಕೇಳಿದವರಿಗೆ ಹಝ್ರತ್ ಆಯಿಶಾ(ರ) ಕೊಟ್ಟ ಉತ್ತರ ನಮಗೆಲ್ಲ ಗೊತ್ತು. ಅವರು ಮನೆಯವರ ಸೇವೆಯಲ್ಲಿ ತೊಡಗಿರುತ್ತಿದ್ದರು, ನಮಾಝಿನ ಹೊತ್ತಾದಾಗ ಎದ್ದು ಹೋಗುತ್ತಿದ್ದರು. ಪ್ರವಚನಗಳಲ್ಲಿ ನಾವು ಇದನ್ನು ಎಷ್ಟು ಸಲ ಕೇಳಿಲ್ಲ? ನಮ್ಮ ಮನೆಯ ಗಂಡು ಮಗನ ಕೈಗೆ ಬಾಚಣಿಗೆಯೋ ಪೊರಕೆಯೋ ಬಂದಾಗ ಮಾತ್ರ ನಮಗೆ ನಗು ಬರುತ್ತದೆ.

ದಸ್ತರಖಾನಿನ ಮೇಲೆ ಆದ ಮೂರು ಮಾತು

ಹೊರಡುವ ನಾಲ್ಕು ದಿನ ಮೊದಲು, ರಾತ್ರಿ ಊಟವಾದ ಮೇಲೆ ಎಲ್ಲರೂ ಕುಳಿತು ಮೂರು ಮಾತು ಗೊತ್ತು ಮಾಡಿಕೊಂಡೆವು. ಮಕ್ಕಳನ್ನೂ ಕೂರಿಸಿಕೊಂಡಿದ್ದೆವು.

ಮೊದಲನೆಯದು, ಎರಡು ದಿನ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಾನು ಸಮ್ಮೇಳನದಲ್ಲಿ. ಕಾಲುಚೀಲ ಎಲ್ಲಿದೆ, ಟವೆಲು ಯಾವ ಬ್ಯಾಗಿನಲ್ಲಿದೆ ಎಂದು ಫೋನ್ ಮಾಡುವಂತಿಲ್ಲ. ಎರಡನೆಯದು, ಸ್ಟೌವ್ ಒಯ್ಯುವುದಿಲ್ಲ. ಮೂರನೆಯದು, ಮೂರನೆಯ ದಿನ ಎಲ್ಲರದು. ಅಂದು ಸಮ್ಮೇಳನದ ಕಾಗದ ನಾನು ಮುಟ್ಟುವುದಿಲ್ಲ, ಕೊಬ್ಬರಿಯ ಮಾತು ಅವರು ಆಡುವುದಿಲ್ಲ.

ಎರಡನೆಯ ಮಾತಿಗೆ ಅತ್ತೆ ಸುಲಭದಲ್ಲಿ ಒಪ್ಪಲಿಲ್ಲ. "ಚೂಲ್ಹಾ ನಕ್ಕೋ ಕತೆ!" ಎಂದು ಮಗನ ಮುಖ ನೋಡಿದರು. ಅವರ ಕಾಲದಲ್ಲಿ ಅಕ್ಕಿ, ಬೇಳೆ, ಮಸಾಲೆ, ಸೀಮೆಎಣ್ಣೆ ಸ್ಟೌವ್ ಇಲ್ಲದೆ ಕುಟುಂಬ ಊರು ಬಿಟ್ಟಿದ್ದೇ ಇಲ್ಲ. ಹೋಟೆಲಿನ ಖರ್ಚು ಎಂಬುದೂ ಸುಳ್ಳಲ್ಲ. ಇವರು ಲೆಕ್ಕ ಹಾಕಿ ತೋರಿಸಿದರು. ಮೂರು ದಿನ ಐದು ಜನರ ಊಟ ತಿಂಡಿಗೆ ಎಷ್ಟಾಗುತ್ತದೆ, ಅದಕ್ಕೆ ಬದಲಾಗಿ ಯಾವ ಖರ್ಚು ಕಡಿಮೆ ಮಾಡಬಹುದು ಎಂದು. ಕಡೆಗೆ ದಾರಿಗೆಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಚಕ್ಕುಲಿಗೆ ರಾಜಿಯಾಯಿತು.

ಇಲ್ಲೊಂದು ಮಾತು ಹೇಳಬೇಕು. ಕೆಲಸ ಮತ್ತು ಪ್ರವಾಸವನ್ನು ಕಲಸಿಬಿಟ್ಟರೆ ಎರಡೂ ಕೆಡುತ್ತವೆ. ಸಭೆಯಲ್ಲಿ ಕುಳಿತು ಮಕ್ಕಳ ಊಟದ ಚಿಂತೆ, ಕಡಲ ತೀರದಲ್ಲಿ ನಿಂತು ನಾಳೆಯ ಭಾಷಣದ ಚಿಂತೆ. ಆದ್ದರಿಂದ ಯಾವ ಹೊತ್ತು ಯಾರದು ಎಂದು ಮೊದಲೇ ಎಲ್ಲರೆದುರು ಹೇಳಿಬಿಡುವುದು ಒಳ್ಳೆಯದು. ಹೀಗೆ ಹೇಳುವುದು ಸ್ವಾರ್ಥವಲ್ಲ. ಹೇಳದೆ ಒಳಗೊಳಗೇ ಕುದಿಯುವುದರಿಂದ ಯಾರಿಗೂ ಒಳಿತಿಲ್ಲ.

ಮಾರಿಕಣಿವೆಯಿಂದ ಕಡಲಿಗೆ

ನಾವು ಹೊರಟದ್ದು ಮಾರಿಕಣಿವೆ ಕೋಡಿ ಬಿದ್ದ ಮರುತಿಂಗಳು. ನಮ್ಮ ಸೀಮೆಯವರಲ್ಲದ ಓದುಗರಿಗೆ ಇದರ ಅರ್ಥ ತಿಳಿಸಬೇಕು. ವೇದಾವತಿ ನದಿಗೆ ಕಟ್ಟಿದ ಈ ಅಣೆಕಟ್ಟಿನ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಶುರುವಾದಾಗ ಮೈಸೂರು ಸಂಸ್ಥಾನದ ಆಡಳಿತ ಒಬ್ಬ ತಾಯಿಯ ಕೈಯಲ್ಲಿತ್ತು. 1894ರಲ್ಲಿ ಪತಿಯನ್ನು ಕಳೆದುಕೊಂಡು, ಎಳೆಯ ಮಗನ ಪರವಾಗಿ 1902ರವರೆಗೆ ರಾಜ್ಯ ನೋಡಿಕೊಂಡ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ವಾಣಿವಿಲಾಸ ಸಾಗರ ಎಂಬ ಹೆಸರು ಅವರಿಂದಲೇ ಬಂದದ್ದು. ನೀರು 130 ಅಡಿ ಮುಟ್ಟಿದರೆ ಕೋಡಿ ಬೀಳುತ್ತದೆ. 1933ರಲ್ಲಿ ಒಮ್ಮೆ ಹಾಗಾಯಿತು. ಆಮೇಲೆ 89 ವರ್ಷ ಆಗಲಿಲ್ಲ. ಬರ ಬಿದ್ದ ವರ್ಷಗಳಲ್ಲಿ ತೆಂಗಿನ ತೋಟಗಳು ಒಣಗಿ ನಿಂತದ್ದನ್ನು, ಟ್ಯಾಂಕರಿನ ಹಿಂದೆ ಕೊಡಗಳು ಸಾಲುಗಟ್ಟಿದ್ದನ್ನು ಕಂಡವರು ನಾವು. 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ಹಿಂದೂ ಮುಸ್ಲಿಮ್ ಎನ್ನದೆ ಇಡೀ ಸೀಮೆ ನೋಡಲು ಹೋಯಿತು. (2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಈಗ ಮಕ್ಕಳಿಗೆ ಅದು ಅಂಥ ದೊಡ್ಡ ಸಂಗತಿಯೇ ಅಲ್ಲ!) ಅತ್ತೆ ಧುಮುಕುವ ನೀರನ್ನು ಬಹಳ ಹೊತ್ತು ನೋಡಿ, "ಇದೆಲ್ಲ ಎಲ್ಲಿಗೆ ಹೋಗುತ್ತದೆ?" ಎಂದಿದ್ದರು.

ಆ ಪ್ರಶ್ನೆಗೆ ಉತ್ತರ ದಾರಿಯುದ್ದಕ್ಕೂ ಸಿಕ್ಕಿತು. ಹೊಸದುರ್ಗ, ಕಡೂರು, ಚಿಕ್ಕಮಗಳೂರು ದಾಟಿ ಚಾರ್ಮಾಡಿ ಘಾಟಿ ಇಳಿಯುವುದು ನಮ್ಮ ದಾರಿ. ಕಡೂರಿನ ಹತ್ತಿರ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕೂಡಿ ವೇದಾವತಿಯಾಗುತ್ತವೆ. ಎರಡೂ ಹುಟ್ಟುವುದು ಬಾಬಾಬುಡನ್ ಗಿರಿಯ ಸಾಲಿನಲ್ಲಿ. ಹಜ್ಜಿಗೆ ಹೋದ ಬಾಬಾಬುಡನ್ ಯೆಮನಿನಿಂದ ಏಳು ಕಾಫಿ ಬೀಜ ತಂದು ಬಿತ್ತಿದರೆಂದು ಹೇಳುವ ಗಿರಿ ಅದೇ. "ನಮ್ಮ ಕೊಡಕ್ಕೆ ನೀರು, ಲೋಟಕ್ಕೆ ಕಾಫಿ, ಎರಡೂ ಇಲ್ಲಿಂದಲೇ" ಎಂದು ಇವರು ಕಾರು ನಿಲ್ಲಿಸಿ ತಾಯಿಗೆ ಬೆಟ್ಟದ ಸಾಲು ತೋರಿಸಿದರು.

ಮುಂದೆ ಮೂಡಿಗೆರೆಯ ಸೀಮೆಯಲ್ಲಿ ಹೇಮಾವತಿ ಹುಟ್ಟುತ್ತದೆ. ಅದು ಹೋಗಿ ಸೇರುವುದು ಕಾವೇರಿಗೆ. ನಮ್ಮ ವೇದಾವತಿ ಹಗರಿಯೆಂಬ ಹೆಸರು ಪಡೆದು, ತುಂಗಭದ್ರೆಯ ಮೂಲಕ ಕೃಷ್ಣೆಯನ್ನು ಸೇರುತ್ತದೆ. ಘಾಟಿ ಇಳಿದ ಮೇಲೆ ಸಿಗುವ ನೇತ್ರಾವತಿ ಮಾತ್ರ ಮಂಗಳೂರಿನಲ್ಲಿ ಪಡುವಣ ಕಡಲು ಸೇರುತ್ತದೆ. ಒಂದೇ ಜಿಲ್ಲೆಯ ಮಲೆಗಳ ಮೇಲೆ ಬಿದ್ದ ಮಳೆಗೆ ಮೂರು ದಾರಿ. ಮಗಳು ಇದನ್ನು ದಾದಿಮಾಗೆ ಕೈಬೆರಳಿನ ಮೇಲೆ ವಿವರಿಸಿದಳು. ಮಾರಿಕಣಿವೆಯ ನೀರು ಮಂಗಳೂರಿಗೆ ಬರುವುದಿಲ್ಲ, ಬಂಗಾಳ ಕೊಲ್ಲಿಗೆ ಹೋಗುತ್ತದೆ ಎಂದು ಕೇಳಿ ಅತ್ತೆಗೆ ಸ್ವಲ್ಪ ಬೇಸರವೇ ಆಯಿತು. "ಹಾಗಾದರೆ ನಾವು ಬೇರೆಯವರ ಸಮುದ್ರ ನೋಡಲು ಹೋಗುತ್ತಿದ್ದೇವೆ" ಎಂದರು.

ನೀರಿನ ಮಾತು, ಉಪ್ಪಿನ ಮಾತು

ಸಮ್ಮೇಳನದ ಬಗ್ಗೆ ಹೆಚ್ಚು ಹೇಳಿ ನಿಮ್ಮನ್ನು ಬೇಸರಗೊಳಿಸುವುದಿಲ್ಲ. ನಾನು ಹೇಳಿದ್ದು ಇಷ್ಟು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದು. ಹೆಚ್ಚಿದ್ದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಹಳದಿ ಕಂದು ಕಲೆ ಮೂಡುತ್ತದೆ, ಮುಂದೆ ಮೂಳೆಗೂ ತೊಂದರೆ. ಚಿತ್ರದುರ್ಗ ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಇದು ಇದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಇದನ್ನು ತಾಯಂದಿರು ವಿಶೇಷವಾಗಿ ತಿಳಿದಿರಬೇಕು. ನದಿ, ಜಲಾಶಯಗಳ ನೀರಿನಲ್ಲಿ ಇದು ಸಾಮಾನ್ಯವಾಗಿ ಕಡಿಮೆ. ನೀರಿಗೆ ಹನಿ ಬೆರೆಸಿ ಬಣ್ಣ ನೋಡುವ ಕಿಟ್ ಹಿಡಿದು ಮಕ್ಕಳು ಹೇಗೆ ಪಟ್ಟಿ ಮಾಡಿದರು ಎಂಬುದನ್ನು ಹೇಳಿದೆ. ಹದಿನೈದು ನಿಮಿಷ ಮುಗಿದಾಗ, ಬೀದರಿನಿಂದ ಬಂದ ಶಿಕ್ಷಕಿಯೊಬ್ಬರು ಆ ಪಟ್ಟಿಯ ಮಾದರಿ ಕೇಳಿ ಬರೆದುಕೊಂಡರು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ನನ್ನಿಂದ ಒಬ್ಬರು ಬರೆದುಕೊಂಡದ್ದು ಅದೇ ಮೊದಲು.

ಇತ್ತ ಇವರು ಮಗಳ ತಲೆ ಬಾಚಿದ್ದರು. ಎರಡು ಜಡೆಗಳಲ್ಲಿ ಒಂದು ಕಿವಿಯ ಮೇಲೆ, ಇನ್ನೊಂದು ಕುತ್ತಿಗೆಯ ಹಿಂದೆ! ಸುಲ್ತಾನ್ ಬತ್ತೇರಿಯಲ್ಲಿ ಟಿಪ್ಪು ಸುಲ್ತಾನರು 1784ರಲ್ಲಿ ಕಟ್ಟಿಸಿದ ಕಾವಲು ಬುರುಜನ್ನು ನೋಡಿದರಂತೆ. ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿದರೆ ತಣ್ಣೀರುಬಾವಿ, ಅದರಾಚೆ ಸಮುದ್ರ. ಆದರೆ ಅತ್ತೆ ದೋಣಿ ಹತ್ತಲು ಒಪ್ಪಲಿಲ್ಲ. ಭಯದಿಂದಲ್ಲ. "ದುಲ್ಹನ್ ಬರಲಿ. ಅವಳ ಕೆಲಸದಿಂದ ನಾವು ಬಂದಿದ್ದೇವೆ, ಅವಳನ್ನು ಬಿಟ್ಟು ನಾನು ಸಮುದ್ರ ನೋಡುವುದಿಲ್ಲ" ಎಂದು ಕುಳಿತುಬಿಟ್ಟರಂತೆ. ಸಂಜೆ ಐದೂವರೆಗೆ ಸಭಾಂಗಣದ ಗೇಟಿನ ಬಳಿ ಐದು ಜನರ ಕಾರು ನನಗಾಗಿ ಕಾದಿತ್ತು, ನಾಲ್ಕು ಜನ ಒಳಗೆ ಕುಳಿತು. ನೇರವಾಗಿ ಪಣಂಬೂರಿಗೆ ಹೋದೆವು.

ಮರಳಿನ ಮೇಲೆ ಅತ್ತೆಗೆ ನಡೆಯಲು ಕಷ್ಟ. ಒಂದು ಕಡೆ ಇವರು, ಇನ್ನೊಂದು ಕಡೆ ನಾನು ಕೈ ಹಿಡಿದೆವು. ಸೂರ್ಯ ಇಳಿಯುತ್ತಿದ್ದ. ಅವರು ಏನೂ ಮಾತಾಡಲಿಲ್ಲ. ಅಲೆ ಬಂದು ಪಾದ ತೋಯಿಸಿದಾಗ ಬಗ್ಗಿ, ಬೊಗಸೆಯಲ್ಲಿ ನೀರು ತುಂಬಿ, ನಾಲಿಗೆಗೆ ಮುಟ್ಟಿಸಿ ಉಗುಳಿದರು. ಆಮೇಲೆ ನನ್ನನ್ನು ಕೇಳಿದರು: "ಇಷ್ಟೊಂದು ನೀರು. ಇದರಲ್ಲಿ ಒಂದು ಕೊಡ ಕೂಡ ಕುಡಿಯಲಿಕ್ಕೆ ಆಗೋದಿಲ್ವಾ?"

ಮದುವೆಯಾಗಿ ಬಂದಂದಿನಿಂದ ಮನೆಗೆ ನಲ್ಲಿ ಬರುವವರೆಗೆ ದಿನಕ್ಕೆ ಎಂಟು ಹತ್ತು ಕೊಡ ಹೊತ್ತ ಹೆಂಗಸು ಅವರು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ ಎಂದು ನಾನು ಹೇಳಿದೆ. ಅಂದು ಬೆಳಿಗ್ಗೆ ಲೀಟರಿಗೆ ಒಂದೂವರೆ ಮಿಲಿಗ್ರಾಂ ಎಂದು ಭಾಷಣ ಮಾಡಿ ಬಂದವಳು ನಾನು. ಆದರೆ ನೀರೆಂದರೆ ಏನು ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಆ ಮರಳಿನ ಮೇಲೆ ಬುರ್ಖಾದ ಅಂಚು ಎತ್ತಿ ಹಿಡಿದು ನಿಂತಿದ್ದರು. ಮಗ್ರಿಬ್ ಹೊತ್ತಾಗುತ್ತಿದೆ ಎಂದು ಇವರು ಕರೆದಾಗಲೂ ಅವರು ಬೇಗ ತಿರುಗಲಿಲ್ಲ. "ಇನ್ನು ಸ್ವಲ್ಪ" ಎಂದರು. ಮಕ್ಕಳು ಹೇಳುವ ಮಾತು ಅದು. ಎಪ್ಪತ್ತರ ಬಾಯಿಂದ ಅದನ್ನು ಕೇಳಿದಾಗ ನನ್ನ ಎದೆ ಭಾರವಾಯಿತು. ಅಲ್ಲಾಹನ ಈ ಸೃಷ್ಟಿ ನಮ್ಮೂರಿನಿಂದ ಒಂದು ಹಗಲಿನ ದಾರಿ. ಅಷ್ಟು ದಾರಿ ಸವೆಸಲು ಅವರಿಗೆ ಎಪ್ಪತ್ತು ವರ್ಷ ಹಿಡಿಯಿತು.

ನಮ್ಮ ಬಿಡುವು, ಇನ್ನೊಬ್ಬಳ ದುಡಿಮೆ

ನಾವು ಉಳಿದದ್ದು ಬಂದರು ಪ್ರದೇಶದ ಒಂದು ಮನೆಯ ಮಹಡಿಯಲ್ಲಿ. ಇವರ ವ್ಯಾಪಾರದ ಪರಿಚಯಸ್ಥರು, ಬ್ಯಾರಿಗಳು. ಬಾಡಿಗೆ ಬೇಡವೆಂದರು. ಊಟವೂ ನಮ್ಮಲ್ಲೇ ಎಂದರು. ಉಳಿಯಲು ಒಪ್ಪಿದೆವು, ಊಟಕ್ಕೆ ಒಂದು ರಾತ್ರಿ ಮಾತ್ರ ಬರುತ್ತೇವೆಂದು ಇವರು ಕೈಮುಗಿದರು. ಕೆಳಗಿನ ಅಡುಗೆಮನೆಯಲ್ಲಿ ಇದ್ದುದು ಒಬ್ಬಳೇ ಸೊಸೆ, ಅವಳ ಕಂಕುಳಲ್ಲಿ ಒಂದು ಕೂಸು. ಐದು ಜನ ನೆಂಟರಿಗೆ ಮೂರು ಹೊತ್ತು ಬೇಯಿಸಿ ಹಾಕುವುದೆಂದರೆ, ನಾನು ಹಿರಿಯೂರಿನಲ್ಲಿ ಇಳಿಸಿ ಬಂದ ಹೊರೆಯನ್ನು ಆ ಹುಡುಗಿಯ ತಲೆಯ ಮೇಲೆ ಇಟ್ಟಂತೆ ಅಲ್ಲವೇ? ಅತಿಥಿ ಸತ್ಕಾರ ದೊಡ್ಡ ಪುಣ್ಯ. ಆದರೆ ಮನೆಯವರಿಗೆ ಕಷ್ಟವಾಗುವಷ್ಟು ಅತಿಥಿ ಉಳಿಯಬಾರದೆಂಬ ಎಚ್ಚರಿಕೆಯೂ ಹದೀಸಿನಲ್ಲಿದೆ. ಮೊದಲನೆಯದನ್ನು ನೆನಪಿಡುವ ನಾವು ಎರಡನೆಯದನ್ನು ಮರೆಯುತ್ತೇವೆ.

ಆ ಒಂದು ರಾತ್ರಿಯ ಊಟ ಇನ್ನೂ ಬಾಯಲ್ಲಿದೆ. ಅಕ್ಕಿಹಿಟ್ಟಿನ ಪತ್ತಿರಿ, ತೆಂಗಿನಕಾಯಿ ಅರೆದ ಕೋಳಿ ಸಾರು, ಬಂಗುಡೆ ಹುರಿದದ್ದು. ಮಾರಿಕಣಿವೆಯ ಕೆರೆಮೀನು ತಿಂದು ಬೆಳೆದ ನಮ್ಮ ಮಕ್ಕಳು ತಟ್ಟೆ ಬಿಟ್ಟು ಏಳಲಿಲ್ಲ. ಕುಚ್ಚಲಕ್ಕಿ ಅನ್ನ ಮಾತ್ರ ಅತ್ತೆಗೆ ಹಿಡಿಸಲಿಲ್ಲ. ಮುದ್ದೆ ನುಂಗುವ ಹಾಗೆ ನುಂಗಿದರು!

ಮನೆಯ ಹಿರಿಯ ಹೆಂಗಸನ್ನು ಎಲ್ಲರೂ ಉಮ್ಮ ಎನ್ನುತ್ತಿದ್ದರು. ನಾನು ಸಮ್ಮೇಳನದಲ್ಲಿದ್ದ ಎರಡನೆಯ ದಿನ ಅತ್ತೆ ಕಳೆದದ್ದು ಅವರ ಜೊತೆ. ಸಂಜೆ ಬಂದು ನೋಡಿದರೆ ಇಬ್ಬರೂ ಜಗಲಿಯಲ್ಲಿ ಕುಳಿತು ಮಾತಾಡುತ್ತಿದ್ದಾರೆ, ಯಾವ ಭಾಷೆಯಲ್ಲಿ? ಅತ್ತೆಯದು ದಖ್ಖನಿ ಉರ್ದು. ಉಮ್ಮನದು ಬ್ಯಾರಿ. ಅವರ ಉರ್ದು ಇವರಿಗಿಲ್ಲ, ಇವರ ಬ್ಯಾರಿ ಅವರಿಗಿಲ್ಲ. ಇಬ್ಬರೂ ಕನ್ನಡ ಆಡುತ್ತಿದ್ದರು. ಒಬ್ಬರದು ಸಂತೆಯಲ್ಲಿ ಕಲಿತ ಬಯಲುಸೀಮೆಯ ಕನ್ನಡ, ಇನ್ನೊಬ್ಬರದು ನಾಲ್ಕನೆಯ ತರಗತಿಯವರೆಗೆ ಶಾಲೆಯಲ್ಲಿ ಕಲಿತ, ಪುಸ್ತಕದಂಥ ಮಂಗಳೂರು ಕನ್ನಡ. ಒಂದೇ ಕಿಬ್ಲಾದತ್ತ ಮುಖ ಮಾಡುವ ಇಬ್ಬರು ಮುದುಕಿಯರನ್ನು ಮಾತಿಗೆ ಕೂಡಿಸಿದ್ದು ಕನ್ನಡ! ಕನ್ನಡದಲ್ಲಿ ಇಂಥ ಪತ್ರಿಕೆ ಓದುವ ನಮಗೆಲ್ಲ ಇದು ಹೆಮ್ಮೆಯ ಮಾತಲ್ಲವೇ?

ಇನ್ನೊಂದು ಸಂಗತಿ ಅತ್ತೆಯನ್ನು ಮೊದಲ ದಿನ ಗಾಬರಿಗೊಳಿಸಿತ್ತು. ಮಧ್ಯಾಹ್ನ ಮೂರೂಮುಕ್ಕಾಲರ ಹೊತ್ತಿಗೇ ಅಸರ್ ಅಝಾನ್! ನಮ್ಮೂರಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮೊದಲು. ಗಡಿಯಾರ ಕೆಟ್ಟಿದೆಯೇ ಎಂದು ನೋಡಿದರಂತೆ. ಉಮ್ಮ ಬಿಡಿಸಿ ಹೇಳಿದರು. ಕರಾವಳಿಯವರು ಶಾಫಿಈ ಮದ್‌ಹಬಿನವರು. ನಡು ಮಧ್ಯಾಹ್ನದ ನೆರಳನ್ನು ಬಿಟ್ಟು, ವಸ್ತುವಿನ ನೆರಳು ಅದರಷ್ಟೇ ಉದ್ದವಾದಾಗ ಅವರಿಗೆ ಅಸರ್. ಹನಫಿಗಳಾದ ನಮಗೆ ನೆರಳು ಎರಡರಷ್ಟಾದಾಗ. ಎಪ್ಪತ್ತು ವರ್ಷ ನಮಾಝ್ ಮಾಡಿದ ಅತ್ತೆ ತಮ್ಮದಲ್ಲದ ಒಂದು ಸರಿಯಾದ ಕ್ರಮವನ್ನು ಕಂಡದ್ದು ಅಂದೇ. "ಅವರದೂ ಸರಿ, ನಮ್ಮದೂ ಸರಿ" ಎಂದು ನನಗೆ ಹೇಳಿದರು. ಮನೆಯಲ್ಲೇ ಕುಳಿತಿದ್ದರೆ ಈ ಮಾತು ಅವರ ಬಾಯಿಂದ ಬರುತ್ತಿತ್ತೇ? ಊರು ನೋಡುವುದೆಂದರೆ ಬರೀ ಮೋಜಲ್ಲ, ಅದೂ ಒಂದು ಇಲ್ಮ್.

ಇವರು ಮಗನನ್ನು ಬಂದರಿನ ಝೀನತ್ ಬಕ್ಷ್ ಮಸೀದಿಗೆ ಕರೆದೊಯ್ದಿದ್ದರು. ಹಝ್ರತ್ ಮಾಲಿಕ್ ದೀನಾರ್ ಮತ್ತು ಸಂಗಡಿಗರ ಕಾಲದ ಮಸೀದಿಗಳಲ್ಲಿ ಅದೂ ಒಂದೆಂದು ಪ್ರತೀತಿ. ಮರದ ಕಂಬಗಳ ಕೆತ್ತನೆಯನ್ನು ಮಗ ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಂಡು ಬಂದ.

ಎಲ್ಲರ ದಿನ

ಮೂರನೆಯ ದಿನ ಫಜ್ರ್ ಮುಗಿಸಿ ನಾನು ಮತ್ತೆ ಮಲಗಿದೆ. ಎಚ್ಚರವಾದಾಗ ಎಂಟೂವರೆ. ಮಕ್ಕಳಿಗೆ ಸ್ನಾನವಾಗಿತ್ತು. ಇವರು ನೀರ್ ದೋಸೆ ಕಟ್ಟಿಸಿಕೊಂಡು ಬಂದಿದ್ದರು. ಅತ್ತೆ ಬಾಗಿಲ ಬಳಿ ಕುಳಿತು, "ಅಮ್ಮನನ್ನು ಎಬ್ಬಿಸಬೇಡಿ" ಎಂದು ಮಕ್ಕಳನ್ನು ತಡೆದಿದ್ದರು. ಪಿಲಿಕುಳದಲ್ಲಿ 2018ರಲ್ಲಿ ಆರಂಭವಾದ ತಾರಾಲಯವನ್ನು ನೋಡಿದೆವು. ಮಕ್ಕಳು ಬಾಯಿ ತೆರೆದು ನಕ್ಷತ್ರ ನೋಡಿದರೆ, ದಾದಿಮಾ ತಂಪಿನಲ್ಲಿ ಸುಖವಾಗಿ ನಿದ್ದೆ ಹೋದರು. ಮಂಗಳೂರಿನ ಐಸ್‌ಕ್ರೀಮ್ ತಿಂದೆವು. ಇವೆಲ್ಲ ಚೆನ್ನಾಗಿದ್ದವು. ಆದರೆ ಪ್ರವಾಸದಲ್ಲಿ ನಿನಗೆ ಏನು ಇಷ್ಟವಾಯಿತು ಎಂದು ಯಾರಾದರೂ ಕೇಳಿದರೆ, ಎಂಟೂವರೆಯವರೆಗಿನ ಆ ನಿದ್ದೆ ಎನ್ನುತ್ತೇನೆ. ನೀವು ನಗುವುದಿಲ್ಲವೆಂದು ಗೊತ್ತು.

ಊರಿಗೆ ಮರಳಿದ ಮೇಲೆ ಎಲ್ಲವೂ ಬದಲಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಒಲೆ, ಪಾತ್ರೆ, ಶಾಲೆಯ ಬಸ್ಸು ಮೊದಲಿನಂತೆಯೇ. ಇವರ ಜಡೆ ಹೆಣೆಯುವ ಕೈ ಮಾತ್ರ ಸುಧಾರಿಸಿದೆ. ಒಂದು ರಾತ್ರಿ ಅತ್ತೆ ತಾವಾಗಿಯೇ ಹೇಳಿದರು, ಹುಡುಗಿಯಾಗಿದ್ದಾಗ ಬಿಜಾಪುರದ ಗೋಲಗುಮ್ಮಟದ ಬಗ್ಗೆ ಕೇಳಿದ್ದರಂತೆ, ಗೋಡೆಗೆ ಪಿಸುಗುಟ್ಟಿದರೆ ಆಚೆ ಬದಿಗೆ ಕೇಳುತ್ತದೆಂದು. 2023ರ ಡಿಸೆಂಬರಿನಲ್ಲಿ ಅಲ್ಲಿಗೆ ಹೋಗಿ ಬಂದೆವು. ಮೇಲಕ್ಕೆ ಹತ್ತಲು ಅವರ ಮಂಡಿ ಒಪ್ಪಲಿಲ್ಲ. ಕೆಳಗೆ ಕುಳಿತು, ಮೇಲಿಂದ ಮೊಮ್ಮಕ್ಕಳು ಕೂಗಿದ್ದನ್ನು ಗುಮ್ಮಟ ಮತ್ತೆ ಮತ್ತೆ ಹೇಳುವುದನ್ನು ಕೇಳಿದರು. ಆ ಸಲ ಸಮ್ಮೇಳನವಿರಲಿಲ್ಲ, ಮದುವೆಯಿರಲಿಲ್ಲ, ಆಸ್ಪತ್ರೆಯಿರಲಿಲ್ಲ. ಯಾವ ನೆಪವೂ ಇರಲಿಲ್ಲ.

ನಮ್ಮ ಮನೆಯಂತೆ ಎಲ್ಲ ಮನೆಯಲ್ಲೂ ಕಾರಿಲ್ಲ, ಸಂಬಳವಿಲ್ಲ ಎಂಬುದನ್ನು ಬಲ್ಲೆ. ಸಮುದ್ರವೇ ಆಗಬೇಕೆಂದಿಲ್ಲ. ಹೊಸದುರ್ಗದವರಿಗೆ ಮಾರಿಕಣಿವೆಯಾದೀತು, ಹಿರಿಯೂರಿನವರಿಗೆ ಚಿತ್ರದುರ್ಗದ ಕೋಟೆಯಾದೀತು. ಸರಕಾರಿ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದು. ರಾಜ್ಯದೊಳಗಿನ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ಹಣವೂ ಬೇಕಿಲ್ಲ. ಬೇಕಾದದ್ದು ಎರಡು. ಆ ದಿನ ಒಲೆ ಹಚ್ಚುವುದಿಲ್ಲವೆಂಬ ಒಪ್ಪಂದ, ಮತ್ತು ಹೊರೆಯನ್ನು ಎಲ್ಲರೂ ಹಂಚಿಕೊಳ್ಳುವ ಮನಸ್ಸು. ಮಗನಿಗೆ ತನ್ನ ಬಟ್ಟೆ ಮಡಚಲು, ಮಗಳಿಗೆ ನೀರಿನ ಬಾಟಲಿ ತುಂಬಲು, ಮನೆಯ ಯಜಮಾನರಿಗೆ ಊಟದ ಏರ್ಪಾಡು ನೋಡಲು ಬಿಡಿ. ಅವರು ಮಾಡುವುದು ವಕ್ರವಾದೀತು. ಆಗಲಿ. ನಡುವೆ ಬಾಯಿ ಹಾಕಿ ತ‌ಿದ್ದಬೇಡಿ.

ಹಾಗೂ ಒಂದು ಕೋರಿಕೆ. ಈ ಪತ್ರಿಕೆ ಮುಚ್ಚಿಟ್ಟ ಮೇಲೆ ನಿಮ್ಮ ಮನೆಯ ಹಿರಿಯ ಹೆಂಗಸಿನ ಹತ್ತಿರ ಹೋಗಿ ಕುಳಿತುಕೊಳ್ಳಿ. ತಾಯಿಯಿರಲಿ, ಅತ್ತೆಯಿರಲಿ, ಒಂಟಿಯಾಗಿರುವ ಫುಫ್ಫುವಿರಲಿ. "ನಿಮಗೆ ಯಾವ ಊರು ನೋಡಬೇಕೆಂದು ಆಸೆಯಿತ್ತು?" ಎಂದು ಕೇಳಿ. ಮೊದಲು, "ನನಗೇನು ಆಸೆ, ಈ ವಯಸ್ಸಿನಲ್ಲಿ" ಎನ್ನುತ್ತಾರೆ. ಅಲ್ಲಿಂದ ಏಳಬೇಡಿ. ಇನ್ನೊಮ್ಮೆ ಕೇಳಿ.